ಹಳೇ ಊರಿನ ಚಿತ್ರಕ್ಕೆ ಚಹಾ ಬಣ್ಣ ಬೇಕಿಲ್ಲ

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದಲ್ಲಿ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕಿ. ಹುಟ್ಟಿ ಬೆಳೆದದ್ದು ಹಳೇ ಬಾಗಲಕೋಟೆಯಲ್ಲಿ. ಆಲಮಟ್ಟಿ ಹಿನ್ನೀರಿಗೆ ನಮ್ಮ ಓಣಿ ಹೋಯಿತು. ಮನೆ ಬಿಡುವಾಗ ಅಪ್ಪ ತಲಬಾಗಿಲಿನ ಒಂದು ಸಾಗವಾನಿ ಹಲಗೆ ಬಿಚ್ಚಿಕೊಂಡು ಬಂದಿದ್ದರು. ಅದು ಈಗಲೂ ಅಟ್ಟದ ಮೇಲಿದೆ. ಒಂದು ಹಳೇ ಫೋಟೋ ನೋಡಿ ನಮ್ಮ ಓಣಿಯನ್ನು ಪ್ಲೈವುಡ್ ಮೇಲೆ ಕೆತ್ತಿ, ಇಂಕು ಹಚ್ಚಿ, ಕಾಗದದ ಮೇಲೆ ಒತ್ತಿ ವುಡ್‌ಕಟ್ (ಮರದಚ್ಚು) ಪ್ರಿಂಟ್ ತೆಗೆದೆ. ನೋಡಿದವರು ಚೆನ್ನಾಗಿದೆ ಅಂದರು, ಫೋಟೋ ಇದ್ದಂಗೇ ಇದೆ ಅಂದರು. ನನಗೆ ಬೇಕಾದದ್ದು ಅದಲ್ಲ. ಓಣಿ ಇತ್ತು, ನೀರು ಬಂತು, ಈಗ ಪ್ರತಿವರ್ಷ ಏರುತ್ತದೆ, ಬೇಸಿಗೆಗೆ ಇಳಿಯುತ್ತದೆ. ಈ ಕಾಲ ಸರಿಯೋದು ಚಿತ್ರದಲ್ಲಿ ಕಾಣಬೇಕು. ಕಂದು ಇಂಕು ಹಾಕಿದೆ, ಕಾಗದವನ್ನು ಚಹಾದಲ್ಲಿ ಅದ್ದಿದೆ. ಹಳೇದಾಗಿ ಕಂಡಿತು, ಅಷ್ಟೇ. 'ವುಡ್‌ಕಟ್ ಅಂದ್ರೆ ನಿಂತ ಚಿತ್ರ, ಕಾಲ ತೋರಿಸಬೇಕಾದ್ರೆ ವಿಡಿಯೋ ಮಾಡ್ರಿ' ಅಂತ ನಮ್ಮ ಶಾಲೆಯ ಸರ್ ಒಬ್ಬರು ಹೇಳುತ್ತಾರೆ. ನನ್ನ ಹತ್ತಿರ ಪ್ರೆಸ್ ಇಲ್ಲ. ಒಂದು ರೋಲರ್, ನಾಲ್ಕು ಉಳಿ, ಒಂದು ಸ್ಟೀಲ್ ಚಮಚ, ಇಷ್ಟೇ. ಆ ಹಲಗೆಯ ಮೇಲೇ ಕೆತ್ತಬಹುದೇ? ಒಂದೇ ಚಿತ್ರ ಸಾಕೇ, ಸರಣಿ ಮಾಡಬೇಕೇ? ಬಣ್ಣ ಹಾಕಿದರೆ ಬಾಳುತ್ತದೆಯೇ?

ಉತ್ತರ: ಅಕ್ಕಾವರೇ, ಮೊದಲಿಗೇ ಒಂದು ಮಾತು. ಆ ಹಲಗೆಯ ಮೇಲೆ ಉಳಿ ಇಡಬೇಡಿ. ಅದಕ್ಕೆ ಬೇರೆ ಕೆಲಸ ಇದೆ, ಆಮೇಲೆ ಹೇಳುತ್ತೇನೆ.

ನಿಮ್ಮ ತೊಂದರೆ ನನಗೆ ಅರ್ಥವಾದದ್ದು ಹೀಗೆ. ಚಿತ್ರದಲ್ಲಿ ಹಳೇ ಕಾಲ ಬಂದಿದೆ, ಆದರೆ ಅದು ಸರಿಯುತ್ತಿಲ್ಲ. ನೀವು ಕಳಿಸಿದ ಪ್ರಿಂಟಿನ ಫೋಟೋ ನೋಡಿದೆ. ಕೈ ಪಳಗಿದೆ. ಅಂಗಡಿ ಬೋರ್ಡಿನ ಅಕ್ಷರ ಸರಿಯಾಗಿ ಬಂದಿದೆ, ಅಂದರೆ ಬ್ಲಾಕಿನ (ಕೆತ್ತುವ ಪ್ಲೈವುಡ್ಡಿನ) ಮೇಲೆ ಚಿತ್ರವನ್ನು ಮಗುಚಿಯೇ ಇಳಿಸಿಕೊಂಡಿದ್ದೀರಿ. ಎಷ್ಟೋ ಜನ ಅಲ್ಲೇ ಎಡವುತ್ತಾರೆ. ಆದರೆ ಮನೆ ಮುಂದಿನ ಕಟ್ಟೆ, ಕಿಟಕಿ ಸರಳು, ಲೈಟು ಕಂಬ, ಬೇವಿನ ಮರ, ಎಲ್ಲಕ್ಕೂ ಒಂದೇ ದಪ್ಪದ ಗೆರೆ, ಒಂದೇ ಕಪ್ಪು. ನೆರಳು ಎಲ್ಲೂ ಇಲ್ಲ. ಬೆಳಗ್ಗೆಯೋ ಸಂಜೆಯೋ ತಿಳಿಯದ ಚಿತ್ರದಲ್ಲಿ ವರ್ಷಗಳು ಸರಿದದ್ದು ಹೇಗೆ ತಿಳಿದೀತು?

ಕಂದು ಅಂದರೆ ಹಳೇದು ಅನ್ನೋ ರೂಢಿ ನಮಗೆ ಬಂದದ್ದು ಫೋಟೋದಿಂದ. ಹಿಂದೆ ಸ್ಟುಡಿಯೋದವರು ಕಪ್ಪು-ಬಿಳುಪು ಫೋಟೋದಲ್ಲಿರುವ ಬೆಳ್ಳಿಯನ್ನು ರಾಸಾಯನಿಕದಿಂದ ಬದಲಿಸಿ ಕಂದು ಮಾಡುತ್ತಿದ್ದರು. ಹಾಗೆ ಮಾಡಿದರೆ ಫೋಟೋ ಜಾಸ್ತಿ ದಿನ ಬಾಳುತ್ತಿತ್ತು. ಈಗ ಮೊಬೈಲಿನಲ್ಲಿ ಬೆರಳು ಒತ್ತಿದರೆ ನಿನ್ನೆಯ ಹುಟ್ಟುಹಬ್ಬವೂ ಕಂದಾಗುತ್ತದೆ. ಕಾಗದಕ್ಕೆ ವಯಸ್ಸಾಗಿದೆ ಅಂತ ಆ ಬಣ್ಣ ಹೇಳುತ್ತದೆ, ಊರಿಗೆ ಏನಾಯಿತು ಅಂತ ಹೇಳೋದಿಲ್ಲ. ಚಹಾದಲ್ಲಿ ಅದ್ದೋದಂತೂ ಬಿಟ್ಟೇ ಬಿಡಿ. ಅದರಲ್ಲಿ ಆಮ್ಲದ ಗುಣ ಇದೆ, ವರ್ಷ ಕಳೆದಂತೆ ಕಾಗದದ ನಾರನ್ನು ತಿನ್ನುತ್ತದೆ.

ಬ್ಲಾಕಿನ ಮೇಲೆ ಬೇಕಂತಲೇ ಬಿರುಕು ಕೆತ್ತಿ ಹಳೇದಾಗಿ ಕಾಣುವಂತೆ ಮಾಡೋರೂ ಇದ್ದಾರೆ. ನನಗೆ ಅದು ಹಿಡಿಸೋದಿಲ್ಲ. ಬ್ಲಾಕ್ ತಾನಾಗಿಯೇ ಸವೆಯುತ್ತದೆ. ತುಂಬ ಪ್ರತಿ ತೆಗೆದ ಹಳೇ ಜಪಾನಿ ಬ್ಲಾಕುಗಳಲ್ಲಿ ಗೆರೆ ಅಲ್ಲಲ್ಲಿ ಮುರಿದಿರುತ್ತದೆ, ಹುಳ ಕೊರೆದ ತೂತು ಬಿಳಿ ಚುಕ್ಕೆಯಾಗಿ ಬಿದ್ದಿರುತ್ತದೆ. ಯಾವ ಪ್ರತಿ ಮೊದಲಿನದು, ಯಾವುದು ಆಮೇಲಿನದು ಅಂತ ಮ್ಯೂಸಿಯಂನವರು ಪತ್ತೆ ಹಚ್ಚೋದು ಇಂಥ ಮುರುಕುಗಳಿಂದಲೇ. ಸುಮ್ನೆ ಕೆತ್ತಿದ ಬಿರುಕಿನಲ್ಲಿ ಅಂಥ ಸಾಕ್ಷಿ ಏನೂ ಇರೋದಿಲ್ಲ.

ಇನ್ನು ನಿಮ್ಮ ಶಾಲೆಯ ಸರ್ ಮಾತು. ಅರ್ಧ ಸರಿ ಇದೆ. ವುಡ್‌ಕಟ್‌ನಲ್ಲಿ ನಿಲ್ಲೋದು ಬ್ಲಾಕ್. ಪ್ರಿಂಟ್ ನಿಲ್ಲಬೇಕು ಅಂತ ಯಾರೂ ಹೇಳಿಲ್ಲ. ಅದೇ ಬ್ಲಾಕನ್ನು ಇವತ್ತು ಒಂದು ಇಂಕಿನಲ್ಲಿ ಒತ್ತಬಹುದು, ನಾಳೆ ಇನ್ನೊಂದರಲ್ಲಿ. ಗೆರೆ ಅಲ್ಲೇ ಇರುತ್ತದೆ, ಮೇಲಿನ ಬೆಳಕು ಬದಲಾಗುತ್ತದೆ. ಒಂದು ನಿಂತಿದ್ದರೆ ತಾನೇ ಇನ್ನೊಂದು ಸರಿದದ್ದು ಕಾಣೋದು. ಕೂಡಲಸಂಗಮದ ಐಕ್ಯಮಂಟಪ ನೋಡಿದ್ದೀರಲ್ಲ, ಸುತ್ತ ಹಿನ್ನೀರು, ನಡುವೆ ಬಾವಿಯಂಥ ಗೋಡೆ, ಒಳಗೆ ಮೆಟ್ಟಿಲಿಳಿದು ಹೋಗಬೇಕು. ಆ ಗೋಡೆ ಅಲ್ಲೇ ನಿಂತಿದೆ ಅಂತಲೇ ನೀರು ಎಷ್ಟು ಏರಿದೆ, ಎಷ್ಟು ಇಳಿದಿದೆ ಅಂತ ಗೊತ್ತಾಗುತ್ತದೆ. ಬರೀ ನೀರು ನೋಡಿದರೆ ಏನೂ ತಿಳಿಯೋದಿಲ್ಲ.

ಇದನ್ನು ಎಲ್ಲರಿಗಿಂತ ಚೊಕ್ಕವಾಗಿ ಮಾಡಿದವರು ಜಪಾನಿನ ಹಿರೋಶಿ ಯೋಶಿದಾ (1876–1950). 1926ರಲ್ಲಿ ಅವರು ಹಾಯಿದೋಣಿಗಳ ಒಂದು ಚಿತ್ರ ಮಾಡಿದರು. ಅದೇ ದೋಣಿ, ಅದೇ ಸಮುದ್ರ, ಅದೇ ಗೆರೆಗಳು. ಬಣ್ಣ ಮಾತ್ರ ಬದಲಿಸಿ ಬೆಳಗ್ಗೆ, ಹೊತ್ತೇರಿದ ಮೇಲೆ, ಮಧ್ಯಾಹ್ನ, ಮಂಜು, ಸಂಜೆ, ರಾತ್ರಿ ಅಂತ ಆರು ಪ್ರಿಂಟ್ ತೆಗೆದರು. ಒಂದನ್ನೇ ನೋಡಿದರೆ ಚೆಂದದ ದೋಣಿ ಚಿತ್ರ, ಅಷ್ಟೇ. ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ದಿನ ಪೂರ್ತಿ ದಡದಲ್ಲಿ ಕೂತು ಬಂದಂತಾಗುತ್ತದೆ. ಹಾಯಿಯ ಮಡಿಕೆ ಎಲ್ಲ ಪ್ರಿಂಟಿನಲ್ಲೂ ಅದೇ ಜಾಗದಲ್ಲಿರುತ್ತದೆ. ಕಣ್ಣು ಅದನ್ನು ಹಿಡಿದುಕೊಂಡು ಉಳಿದದ್ದೆಲ್ಲ ಬದಲಾದದ್ದನ್ನು ಗಮನಿಸುತ್ತದೆ. 1930–31ರಲ್ಲಿ ಇವರು ಭಾರತಕ್ಕೂ ಬಂದಿದ್ದರು. ತಾಜಮಹಲನ್ನು ಬೆಳಗಿನ ಮಂಜಿನಲ್ಲೂ ರಾತ್ರಿಯಲ್ಲೂ ಪ್ರಿಂಟ್ ಮಾಡಿದ್ದಾರೆ.

ಅಂದ ಹಾಗೆ, ಜಪಾನಿನ ಬಹುವರ್ಣದ ಮರದಚ್ಚು ಬೆಳೆದದ್ದೇ ಕ್ಯಾಲೆಂಡರಿನಿಂದ. ಅವರ ಹಳೇ ಪಂಚಾಂಗದಲ್ಲಿ 30 ದಿನದ ದೊಡ್ಡ ತಿಂಗಳು, 29 ದಿನದ ಸಣ್ಣ ತಿಂಗಳು ಇರುತ್ತಿದ್ದವು. ಯಾವುದು ದೊಡ್ಡದು, ಯಾವುದು ಸಣ್ಣದು ಅನ್ನೋದು ಪ್ರತಿವರ್ಷ ಬದಲಾಗುತ್ತಿತ್ತು. ಉಳ್ಳವರು ಆ ವರ್ಷದ ತಿಂಗಳ ಅಂಕಿಗಳನ್ನು ಚಿತ್ರದೊಳಗೆ ಬಚ್ಚಿಟ್ಟು, ಅಂದರೆ ಹೆಂಗಸಿನ ಬಟ್ಟೆಯ ಚಿತ್ತಾರದಲ್ಲೋ ಮತ್ತೆಲ್ಲೋ ಸೇರಿಸಿ, ಗೆಳೆಯರಿಗೆ ಹಂಚುತ್ತಿದ್ದರು. 1765ರಲ್ಲಿ ಈ ಹುಚ್ಚು ಜೋರಾಯಿತು. ಸುಜುಕಿ ಹರುನೊಬು ಅನ್ನೋ ಕಲಾವಿದರು ಇವಕ್ಕಾಗಿ ಒಂದೊಂದು ಬಣ್ಣಕ್ಕೆ ಒಂದೊಂದು ಬ್ಲಾಕ್ ಇಟ್ಟು ಚಿತ್ರ ಮಾಡಿದರು. ವರ್ಷ ಮುಗಿದ ಮೇಲೆ ಪ್ರಕಾಶಕರು ಏನು ಮಾಡಿದರು ಗೊತ್ತಾ? ಬ್ಲಾಕಿನಿಂದ ಅಂಕಿಗಳನ್ನು ಮಾತ್ರ ಕೆತ್ತಿ ತೆಗೆದು, ಉಳಿದ ಚಿತ್ರವನ್ನು ಮತ್ತೆ ಒತ್ತಿ ಮಾರಿದರು. ಈ ಕೆತ್ತಿ ತೆಗೆಯೋ ವಿಷಯ ನೆನಪಿಟ್ಟುಕೊಳ್ಳಿ, ನಿಮಗೆ ಬೇಕಾಗುತ್ತದೆ.

ಹೊತ್ತನ್ನು ತೋರಿಸಲು ಜಪಾನಿನವರು ಜಾಸ್ತಿ ನಂಬಿದ್ದು ಬಣ್ಣದ ಇಳಿತವನ್ನು. ಅದಕ್ಕೆ ಬೊಕಾಶಿ ಅನ್ನುತ್ತಾರೆ. ಬ್ಲಾಕನ್ನು ಒದ್ದೆ ಮಾಡಿ, ಒಂದು ಅಂಚಿಗೆ ಬಣ್ಣ ಇಟ್ಟು, ಅಗಲದ ಬ್ರಷ್ಷಿನಿಂದ ಎಳೆದರೆ ಬಣ್ಣ ಗಾಢದಿಂದ ಬಿಳಿಗೆ ಕರಗುತ್ತದೆ. ಹಿರೋಶಿಗೆ (1797–1858) ಅನ್ನೋ ಇನ್ನೊಬ್ಬ ಜಪಾನಿ ಕಲಾವಿದರ ಆಕಾಶ ನೋಡಿ. ದಿಗಂತದಲ್ಲಿ ಒಂದು ಕೆಂಪು ಪಟ್ಟಿ ಬಂದರೆ ಬೆಳಗೋ ಸಂಜೆಯೋ ಆಯಿತು, ಮೇಲಂಚು ಕಪ್ಪಾದರೆ ರಾತ್ರಿ. ಅವರ ತೊಕೈದೊ ರಸ್ತೆಯ ಸರಣಿ 1833ರ ಸುಮಾರಿಗೆ ಶುರುವಾದದ್ದು. ಅದರಲ್ಲಿ ಕನ್‌ಬರಾ ಅನ್ನೋ ಊರಿನ ಹಿಮದ ರಾತ್ರಿ ಇದೆ. ಅದರ ಪ್ರತಿಗಳಲ್ಲಿ ಎರಡು ಬಗೆ. ಒಂದರಲ್ಲಿ ಕತ್ತಲೆ ಆಕಾಶದ ಮೇಲಿನಿಂದ ಇಳಿಯುತ್ತದೆ, ಇನ್ನೊಂದರಲ್ಲಿ ಕೆಳಗಿನಿಂದ ಏರುತ್ತದೆ. ಮನೆಗಳು ಅವೇ, ಹಿಮದಲ್ಲಿ ನಡೆಯುವ ಜನ ಅವರೇ. ಬ್ರಷ್ ಎಳೆದ ದಿಕ್ಕು ಬದಲಾಯಿತು, ರಾತ್ರಿಯೇ ಬದಲಾಯಿತು. ಪ್ರಿಂಟರನ ಮಣಿಕಟ್ಟಿನಲ್ಲಿ ಅಷ್ಟು ಇದೆ.

ನಿಮ್ಮ ರೋಲರಿನಲ್ಲೂ ಇದು ಆಗುತ್ತದೆ. ಗಾಜಿನ ಮೇಲೆ ಒಂದು ತುದಿಗೆ ಗಾಢ ಇಂಕು, ಇನ್ನೊಂದು ತುದಿಗೆ ಅದೇ ಇಂಕಿಗೆ ಟ್ರಾನ್ಸ್‌ಪರೆಂಟ್ ಮೀಡಿಯಂ (ಇಂಕನ್ನು ತಿಳಿ ಮಾಡುವ, ಬಣ್ಣವಿಲ್ಲದ ಲೇಪ) ಬೆರೆಸಿದ್ದು ಇಡಿ. ರೋಲರನ್ನು ಅದೇ ಜಾಡಿನಲ್ಲಿ ಹಿಂದೆ ಮುಂದೆ ಓಡಿಸಿ, ಚೂರು ಚೂರೇ ಪಕ್ಕಕ್ಕೆ ಸರಿಸಿ. ನಡುವೆ ಎರಡೂ ಬೆರೆಯುತ್ತವೆ.

ಇನ್ನೊಬ್ಬರನ್ನು ನೀವು ನೋಡಲೇಬೇಕು, ಕವಾಸೆ ಹಾಸುಯಿ (1883–1957). 1923ರ ಸೆಪ್ಟೆಂಬರ್ 1ರಂದು ಟೋಕಿಯೊದಲ್ಲಿ ದೊಡ್ಡ ಭೂಕಂಪ ಆಯಿತು, ಬೆಂಕಿ ಬಿತ್ತು. ಅವರ ಸ್ಕೆಚ್ ಪುಸ್ತಕಗಳೆಲ್ಲ ಸುಟ್ಟುಹೋದವು. ಪ್ರಕಾಶಕರಾದ ವತಾನಬೆ ಅವರ ಅಂಗಡಿಯೂ ಬ್ಲಾಕುಗಳೂ ಹೋದವು. ಆಮೇಲೆ ಹಾಸುಯಿ ಮಾಡಿದ್ದು ಬಿದ್ದ ಮನೆಗಳ ಚಿತ್ರಗಳ ರಾಶಿಯನ್ನಲ್ಲ. ಮಳೆ, ಹಿಮ, ಮುಸ್ಸಂಜೆ, ಕೊಡೆ ಹಿಡಿದು ಹೋಗುವ ಒಬ್ಬಳು ಹೆಂಗಸು. 1925ರಲ್ಲಿ ಮಾಡಿದ ಜೊಜೊಜಿ ದೇವಾಲಯದ ಚಿತ್ರದಲ್ಲಿ ಕೆಂಪು ಬಾಗಿಲಮಂಟಪದ ಮುಂದೆ ಹಿಮ ಬೀಳುತ್ತಿದೆ. ಊರು ಕಳೆದುಕೊಂಡವರು ಕಳೆದದ್ದನ್ನೇ ಬರೆಯಬೇಕು ಅಂತ ಏನಿಲ್ಲ ಅನ್ನೋದಕ್ಕೆ ಇದನ್ನು ಹೇಳಿದೆ.

ಈಗ ನಿಮ್ಮ ಓಣಿಗೆ ಬರೋಣ. ಇಲ್ಲಿ ಒಂದು ತೊಡಕು ಇದೆ. ನಿಮ್ಮ ಪತ್ರದಲ್ಲಿ ಅದು ಇದೆ, ಚಿತ್ರದಲ್ಲಿ ಇಲ್ಲ. ನೀರು ಬರುತ್ತದೆ, ಹೋಗುತ್ತದೆ. ಮಳೆಗಾಲದಲ್ಲಿ ಘಟಪ್ರಭೆಯ ಪಾತ್ರದೊಳಗೆ ಹಿನ್ನೀರು ಹಿಂದಕ್ಕೆ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಆದರೆ ಇಳಿದಾಗ ಕಾಣೋದು ನಿಮ್ಮ ಓಣಿಯೇ? ಪಾಯದ ಕಲ್ಲು, ಕೆಸರು, ಜಾಲಿ ಕಂಟಿ, ಅಷ್ಟೇ ಅಲ್ವಾ. ಅಂದರೆ ನಿಮ್ಮ ಚಿತ್ರದಲ್ಲಿ ಎರಡು ಕಾಲ ಇರಬೇಕು. ಒಂದು ಹೋಗಿ ಬರುವ ಕಾಲ, ನೀರಿನದು. ಇನ್ನೊಂದು ಹೋಗಿ ಬಾರದ ಕಾಲ, ಮನೆಯದು. ಎರಡನ್ನೂ ಒಂದೇ ವಿಧಾನದಲ್ಲಿ ತೋರಿಸಲು ಹೋದರೆ ಕಲಸುಮೇಲೋಗರ ಆಗುತ್ತದೆ. ಮರದಚ್ಚಿನಲ್ಲಿ ಎರಡಕ್ಕೂ ಬೇರೆ ಬೇರೆ ದಾರಿ ಇದೆ, ಅದೇ ಅದರ ಚೆಂದ.

ನೀರಿಗೆ ನಿಮ್ಮ ಅಪ್ಪ ತಂದ ಹಲಗೆ. ಕೆತ್ತಬೇಡಿ, ಹಾಗೇ ಇಂಕು ಹಚ್ಚಿ ಒತ್ತಿ. ಸಾಗವಾನಿಯಲ್ಲಿ ವರ್ಷದ ಬಳೆಗಳು ಎದ್ದು ಕಾಣುವಂಥವು. ಹಲಗೆ ಸೀಳಿದಾಗ ಆ ಬಳೆಗಳೇ ಉದ್ದುದ್ದ ಎಳೆಗಳಾಗಿ ಕಾಣುತ್ತವೆ. ಅಡ್ಡ ಇಟ್ಟು ಪ್ರಿಂಟ್ ತೆಗೆದರೆ ಅಲೆ ಅಲೆಯಾಗಿ ನೀರು ಬಂದುಬಿಡುತ್ತದೆ, ನೀವು ಒಂದು ಗೆರೆಯೂ ಕೆತ್ತಬೇಕಿಲ್ಲ. ಜಪಾನಿನವರು ಆಕಾಶಕ್ಕೆ, ನೀರಿಗೆ ಮರದ ಎಳೆಯನ್ನು ಹೀಗೆ ಬಳಸಿದ್ದಾರೆ. ನಾರ್ವೆಯ ಎಡ್ವರ್ಡ್ ಮುಂಕ್ ಪ್ರೇಮಿಗಳ ಒಂದು ವುಡ್‌ಕಟ್‌ನಲ್ಲಿ ಹಿನ್ನೆಲೆಗೆ ಬರೀ ಹಲಗೆಯ ಎಳೆ ಬಿಟ್ಟಿದ್ದಾರೆ, ಬೇರೇನೂ ಇಲ್ಲ. ನಿಮ್ಮ ಹಲಗೆಯಲ್ಲಿ ಮೊಳೆ ಹೊಡೆದ ತೂತು ಇರುತ್ತದೆ, ಚಿಲಕ ತಿಕ್ಕಿ ತಿಕ್ಕಿ ಬಿದ್ದ ಕಮಾನಿನಂಥ ಗೀರು ಇರಬಹುದು. ತೂತು ಬಿಳಿ ಚುಕ್ಕೆಯಾಗಿ, ಗೀರು ಬಿಳಿ ಗೆರೆಯಾಗಿ ನೀರಿನಲ್ಲಿ ಬರುತ್ತವೆ. ಪುಟ್ಟಿ ಹಾಕಿ ಮುಚ್ಚಬೇಡಿ. ನೀವು ಹುಡುಕುತ್ತಿರುವ ಕಾಲ ಅಲ್ಲಿ ಇದೆ.

ಕೆತ್ತೋದು ಯಾಕೆ ಬೇಡ ಅಂದರೆ ಕಾರಣ ಎರಡು. ಸಾಗವಾನಿಯಲ್ಲಿ ಮರಳಿನ ಅಂಶ ಇರುತ್ತದೆ, ಉಳಿಯ ಬಾಯಿ ಬೇಗ ಮೊಂಡಾಗುತ್ತದೆ. ಎಳೆ ಬಿಚ್ಚಿಕೊಂಡು ಗೆರೆ ಹಾರಿಹೋಗುತ್ತದೆ. ಅದಕ್ಕಿಂತ ಮುಖ್ಯ, ಒಮ್ಮೆ ಕೆತ್ತಿದರೆ ಅದು ನಿಮ್ಮ ಬ್ಲಾಕ್ ಆಗುತ್ತದೆ, ಮನೆಯ ಬಾಗಿಲಾಗಿ ಉಳಿಯೋದಿಲ್ಲ. ಇಂಕು ಹಚ್ಚಿದರೂ ಎಳೆಯ ಸಂದಿಯಲ್ಲಿ ಸ್ವಲ್ಪ ಬಣ್ಣ ಉಳಿದೇ ಉಳಿಯುತ್ತದೆ, ಅದು ಗೊತ್ತಿರಲಿ. ಅಡುಗೆ ಎಣ್ಣೆ ಹಾಕಿದ ಬಟ್ಟೆಯಿಂದ ಒರೆಸಿದರೆ ಬಹುಪಾಲು ಹೋಗುತ್ತದೆ. ಮನೆಯವರನ್ನು ಒಂದು ಮಾತು ಕೇಳಿಯೇ ಶುರು ಮಾಡಿ.

ಹಲಗೆಗೆ ಹಳೇ ಆಯಿಲ್ ಪೇಂಟ್ ಇದ್ದರೆ ಇನ್ನೊಂದು ಎಚ್ಚರ. ಆ ಕಾಲದ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಒಣಗಿದ್ದನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿದರೆ ದೂಳು ಮೂಗಿಗೆ ಹೋಗುತ್ತದೆ. ನೀರು ಹಚ್ಚಿಕೊಂಡೇ ಕೆರೆಯಿರಿ, ಮಾಸ್ಕ್ ಹಾಕಿಕೊಳ್ಳಿ, ಶಾಲೆಯ ಮಕ್ಕಳ ಕೈಗೆ ಈ ಕೆಲಸ ಕೊಡಬೇಡಿ. ಪೇಂಟ್ ಹೋದ ಮೇಲೆ ಎಳೆಯ ಉದ್ದಕ್ಕೂ ತಂತಿ ಬ್ರಷ್ಷಿನಿಂದ ಮೆತ್ತಗೆ ತಿಕ್ಕಿ. ಮೆದು ಭಾಗ ಕೆಳಗಿಳಿದು ಗಟ್ಟಿ ಎಳೆ ಮೇಲೆ ನಿಲ್ಲುತ್ತದೆ, ಪ್ರಿಂಟ್ ಚೊಕ್ಕ ಬರುತ್ತದೆ.

ನೀರು ಏರಿಸೋದು ಹೇಗೆ? ಹಲಗೆಗೆ ತೆಳುವಾಗಿ, ಮೀಡಿಯಂ ಬೆರೆಸಿದ ಇಂಕು ಹಚ್ಚಿ. ನೀರಿನ ಮಟ್ಟದಿಂದ ಮೇಲಿನ ಭಾಗಕ್ಕೆ ಒಂದು ಪ್ಲಾಸ್ಟಿಕ್ ಶೀಟ್ ಕತ್ತರಿಸಿ ಮುಚ್ಚಿ. ಮೇಲೆ ಕಾಗದ ಇಟ್ಟು ಚಮಚದ ಬೆನ್ನಿನಿಂದ ಉಜ್ಜಿ. ಶೀಟ್ ಇದ್ದ ಕಡೆ ಬಣ್ಣ ಹತ್ತೋದಿಲ್ಲ. ಮುಂದಿನ ಪ್ರಿಂಟಿಗೆ ಶೀಟನ್ನು ಸ್ವಲ್ಪ ಮೇಲೆ ಸರಿಸಿ. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.6 ಮೀಟರ್ ಅಂತ ನಿಮ್ಮೂರಿನವರಿಗೆಲ್ಲ ಬಾಯಿಪಾಠ. ನಿಮ್ಮ ಚಿತ್ರದಲ್ಲಿ ಆ ಮಟ್ಟ ಎಲ್ಲಿ ಬರುತ್ತದೆ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಕಿಟಕಿಯ ಮೇಲೋ, ಮಾಳಿಗೆಯ ಮೇಲೋ. ಯಾವ ಪ್ರಿಂಟಿನಲ್ಲೂ ನೀರು ಅದನ್ನು ದಾಟಬಾರದು. ನೋಡುವವರಿಗೆ ಯಾರೂ ಹೇಳದಿದ್ದರೂ ಆ ಗೆರೆಯ ಬಿಗಿ ತಾಗುತ್ತದೆ.

ಮನೆಗೆ ನೀವು ಕೆತ್ತಿರುವ ಪ್ಲೈವುಡ್ ಬ್ಲಾಕೇ ಸಾಕು. ಹೊಸದು ಬೇಡ. ಹರುನೊಬು ಚಿತ್ರದ ಬ್ಲಾಕಿನಿಂದ ಪ್ರಕಾಶಕರು ಅಂಕಿ ಕೆತ್ತಿ ತೆಗೆದರಲ್ಲ, ಅದೇ ಕೆಲಸ. ಮೊದಲು ಪೂರ್ತಿ ಓಣಿಯ ಪ್ರಿಂಟುಗಳನ್ನು ತೆಗೆದಿಟ್ಟುಕೊಳ್ಳಿ. ಆಮೇಲೆ ಬ್ಲಾಕಿನಿಂದ ಒಂದು ಬಾಗಿಲನ್ನು ಕೆತ್ತಿ ತೆಗೆಯಿರಿ, ಮತ್ತೆ ಪ್ರಿಂಟ್ ತೆಗೆಯಿರಿ. ಮುಂದೆ ಒಂದು ಮಾಳಿಗೆ. ಆಮೇಲೆ ಗೋಡೆ. ನೀವು ಮನೆ ಖಾಲಿ ಮಾಡಿದ ಕ್ರಮದಲ್ಲೇ ತೆಗೆದರೆ ಇನ್ನೂ ಒಳ್ಳೆಯದು. ಮೊದಲು ಬಾಗಿಲೇ ಹೋಗಿರಬೇಕು, ಹಲಗೆ ನಿಮ್ಮ ಹತ್ತಿರವೇ ಇದೆಯಲ್ಲ. ಬ್ಲಾಕಿನಲ್ಲಿ ತೆಗೆದದ್ದು ಕಾಗದದಲ್ಲಿ ಬಿಳಿಯಾಗುತ್ತದೆ. ಬೇವಿನ ಮರ, ಲೈಟು ಕಂಬ ಕೊನೆತನಕ ಇರಲಿ, ಕಣ್ಣು ಹಿಡಿದುಕೊಳ್ಳಲು ಏನಾದರೂ ಬೇಕು.

ಇದರಲ್ಲಿ ಅಪಾಯ ಇದೆ, ಮುಚ್ಚಿಡೋದಿಲ್ಲ. ತೆಗೆದ ಮರ ಮತ್ತೆ ಅಂಟೋದಿಲ್ಲ. ಎರಡನೇ ಹಂತದಲ್ಲಿ ನಾಲ್ಕು ಪ್ರಿಂಟ್ ಕೆಟ್ಟರೆ ಮೊದಲ ಹಂತಕ್ಕೆ ವಾಪಸ್ ಹೋಗಲು ಆಗೋದಿಲ್ಲ. ಆದ್ದರಿಂದ ಮೊದಲ ಹಂತದಲ್ಲೇ ನಿಮಗೆ ಬೇಕಾದ್ದಕ್ಕಿಂತ ಜಾಸ್ತಿ ತೆಗೆದಿಡಿ. ಧೈರ್ಯ ಸಾಲದಿದ್ದರೆ ಒಂದು ಉಪಾಯ ಇದೆ. ಹೊಸದಾಗಿ ತೆಗೆದ, ಇಂಕು ಇನ್ನೂ ಹಸಿ ಇರುವ ಪ್ರಿಂಟನ್ನು ಇನ್ನೊಂದು ಪ್ಲೈವುಡ್ ಮೇಲೆ ಕವುಚಿ ಉಜ್ಜಿ. ಚಿತ್ರ ಮೂಲ ಬ್ಲಾಕಿನಲ್ಲಿ ಇದ್ದಂತೆ ಮಗುಚಿಯೇ ಅದಕ್ಕೆ ಇಳಿಯುತ್ತದೆ. ಅದನ್ನು ಕೆತ್ತಿ, ಅದರಲ್ಲಿ ಮನೆ ತೆಗೆಯುತ್ತಾ ಹೋಗಿ. ಮೂಲ ಬ್ಲಾಕ್ ಉಳಿಯುತ್ತದೆ. ಕೆಲಸ ಎರಡು ಪಟ್ಟು, ಮನಸ್ಸಿಗೆ ನೆಮ್ಮದಿ. ನನ್ನನ್ನು ಕೇಳಿದರೆ ಮೂಲವನ್ನೇ ಕೆತ್ತಿ ಅನ್ನುತ್ತೇನೆ. ವಾಪಸ್ ಬರೋದಿಲ್ಲ ಅಂತ ಗೊತ್ತಿದ್ದಾಗ ಕೈ ಬೇರೆ ಥರ ಓಡುತ್ತದೆ, ಅದು ಪ್ರಿಂಟಿನಲ್ಲಿ ಕಾಣುತ್ತದೆ. ಆದರೆ ಓಣಿ ನಿಮ್ಮದು, ತೀರ್ಮಾನವೂ ನಿಮ್ಮದೇ.

ಮೂರನೇ ದಾರಿಯೂ ಇದೆ. ಒಮ್ಮೆ ಇಂಕು ಹಚ್ಚಿ, ಮತ್ತೆ ಹಚ್ಚದೆ ಒಂದರ ಮೇಲೊಂದು ಪ್ರಿಂಟ್ ತೆಗೆಯೋದು. ಓಣಿ ತಾನಾಗಿಯೇ ಮಸುಕಾಗುತ್ತಾ ಹೋಗುತ್ತದೆ. ಸುಲಭ, ಖರ್ಚಿಲ್ಲ. ಆದರೆ ಎಲ್ಲರೂ ಮಾಡುತ್ತಾರೆ, ನೋಡಿದ ತಕ್ಷಣ 'ಓ, ನೆನಪು ಮಾಸೋದು' ಅಂತ ಅರ್ಥವಾಗಿ ಅಲ್ಲಿಗೇ ಮುಗಿದುಹೋಗುತ್ತದೆ. ಬೇಕಿದ್ದರೆ ಒಂದು ಕಡೆ ಮಾತ್ರ ಬಳಸಿ. ಬ್ಲಾಕಿಗೆ ಇಂಕು ಹಚ್ಚಿದ ಮೇಲೆ ನೀರಿನ ಮಟ್ಟದಿಂದ ಕೆಳಗೆ ಹಳೇ ಬನಿಯನ್ ಬಟ್ಟೆಯಿಂದ ಒಮ್ಮೆ ಒರೆಸಿ. ಮುಳುಗಿದ ಭಾಗ ಬೂದು ಬಣ್ಣಕ್ಕೆ ತಿರುಗುತ್ತದೆ, ಮೇಲಿನದು ಕಪ್ಪಾಗೇ ಇರುತ್ತದೆ.

ಸರಣಿ ಬೇಕೇ ಅಂತ ಕೇಳಿದ್ದೀರಿ. ಬೇಕು. ಒಂದೇ ಚಿತ್ರದಲ್ಲಿ ಹೊತ್ತು ತೋರಿಸಬಹುದು, ವರ್ಷ ತೋರಿಸೋದು ಕಷ್ಟ. ಆದರೆ ಎರಡೇ ಮಾಡಬೇಡಿ. ಓಣಿ ಇದ್ದದ್ದು ಒಂದು, ನೀರು ತುಂಬಿದ್ದು ಒಂದು ಅಂತ ಪಕ್ಕಪಕ್ಕ ಇಟ್ಟರೆ ಕೂದಲೆಣ್ಣೆ ಜಾಹೀರಾತಿನ ಫೋಟೋಗಳ ಥರ ಆಗುತ್ತದೆ. ನಡುವೆ ಏನಾಯಿತು ಅನ್ನೋದೇ ಹೋಗಿಬಿಡುತ್ತದೆ. ಐದಾರು ಇರಲಿ. ತೂಗುಹಾಕುವಾಗ ತುಂಬಿದ ನೀರಿನಲ್ಲಿ ಮುಗಿಸಬೇಡಿ. ಹಾಗೆ ಮಾಡಿದರೆ ಮುಳುಗಿತು, ಕತೆ ಮುಗಿಯಿತು ಅಂತ ಆಗುತ್ತದೆ. ತುಂಬಿದ್ದು ನಡುವೆ ಬರಲಿ. ನೀರು ಇಳಿದು, ಮನೆ ಇಲ್ಲದೆ, ಪಾಯ ಮತ್ತು ಬೇವಿನ ಮರ ಇರೋದು ಕೊನೆಗೆ. ಅದರ ಆಕಾಶಕ್ಕೆ ಮೊದಲ ಪ್ರಿಂಟಿನ ಆಕಾಶದ್ದೇ ಬಣ್ಣ ಹಾಕಿ. ಅದೇ ಬೇಸಿಗೆ, ಬೇರೆ ವರ್ಷ ಅಂತ ಅದರಿಂದಲೇ ತಿಳಿಯುತ್ತದೆ.

ಚಿತ್ರ ಚಿತ್ರಕ್ಕೆ ಜಾಗ ಕದಲದಂತೆ ನೋಡಿಕೊಳ್ಳಲು ಒಂದು ದೊಡ್ಡ ಹಾರ್ಡ್‌ಬೋರ್ಡ್ ಮೇಲೆ ಬ್ಲಾಕ್ ಕೂರುವ ಜಾಗ ಗುರುತು ಮಾಡಿ, ಕಾಗದದ ಒಂದು ಮೂಲೆಗೆ ಮತ್ತು ಒಂದು ಅಂಚಿಗೆ ರಟ್ಟಿನ ಪಟ್ಟಿ ಅಂಟಿಸಿ. ಹಲಗೆ ಪ್ಲೈವುಡ್‌ಗಿಂತ ದಪ್ಪ ಇರುತ್ತದೆ, ಪ್ಲೈವುಡ್ ಕೆಳಗೆ ತುಂಡು ಇಟ್ಟು ಎತ್ತರ ಸಮ ಮಾಡಿಕೊಳ್ಳಿ. ಇಷ್ಟಾದರೆ ಪ್ರೆಸ್ ಬೇಕಾಗೋದಿಲ್ಲ. ಜಪಾನಿನವರೂ ಬಿದಿರಿನ ಸಿಪ್ಪೆ ಸುತ್ತಿದ ಬಿಲ್ಲೆಯಿಂದ ಕೈಯಲ್ಲೇ ಉಜ್ಜುತ್ತಿದ್ದರು.

ಈಗ ಬಣ್ಣ ಬಾಳುವ ವಿಚಾರ. ಹಳೇ ಜಪಾನಿ ಪ್ರಿಂಟುಗಳಲ್ಲಿ ಕೆಂಪು ಬರುತ್ತಿದ್ದದ್ದು ಕುಸುಬಿ ಹೂವಿನಿಂದ. ಹೌದು, ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಎಣ್ಣೆಗೆ ಬೆಳೆಯುವ ಅದೇ ಕುಸುಬಿ. ನೀಲಿ ಬರುತ್ತಿದ್ದದ್ದು ನಮ್ಮ ಕನ್ನೆಸೊಪ್ಪಿನ ಕುಲದ ಒಂದು ನೀಲಿ ಹೂವಿನಿಂದ. ಎರಡೂ ಬೆಳಕು ತಡೆಯುವ ಬಣ್ಣಗಳಲ್ಲ. ಕೆಂಪು ಪೇಲವವಾಗುತ್ತದೆ, ನೀಲಿ ಬೆಳಕಿಗೂ ತೇವಕ್ಕೂ ಮಾಸಿ ಹಳದಿ-ಕಂದಿಗೆ ತಿರುಗುತ್ತದೆ. ಹರುನೊಬು ಕಾಲದ ಎಷ್ಟೋ ಚಿತ್ರಗಳಲ್ಲಿ ಇವತ್ತು ನಾವು ನೋಡುವ ತಿಳಿ ಕಂದು ಆಕಾಶ, ತಿಳಿ ಕಂದು ನೀರು ಒಂದು ಕಾಲಕ್ಕೆ ನೀಲಿ ಇದ್ದವು. ನೀವು ಚಹಾದಲ್ಲಿ ತರಲು ನೋಡಿದ ಬಣ್ಣ ಅಲ್ಲಿ ತಾನಾಗಿಯೇ ಬಂದಿದೆ, ಕಲಾವಿದರಿಗೆ ಅದು ಬೇಕಿರಲಿಲ್ಲ ಪಾಪ. 1830ರ ಸುಮಾರಿಗೆ ಪ್ರಷ್ಯನ್ ಬ್ಲೂ ಅನ್ನೋ ಗಾಢ ನೀಲಿಯ ಬಳಕೆ ಜೋರಾದ ಮೇಲೆ ಆಕಾಶ, ನೀರು ಗಟ್ಟಿಯಾಗಿ ನಿಂತವು.

ನಿಮ್ಮ ಕೆಲಸಕ್ಕೆ ಕಪ್ಪು, ಪ್ರಷ್ಯನ್ ಬ್ಲೂ, ಕಾವಿ ಮಣ್ಣಿನ ಕೆಂಪು, ಇವು ಮೂರು ಸಾಕು, ಮೂರೂ ಬಾಳುತ್ತವೆ. ಪ್ರೆಸ್‌ನವರ ಹತ್ತಿರ ಸಿಗುವ ಆಫ್‌ಸೆಟ್ ಇಂಕಿನಲ್ಲಿ ಕಪ್ಪು ಚೆನ್ನಾಗಿದೆ, ಗುಲಾಬಿ ಮತ್ತು ಹಳದಿಯನ್ನು ನಂಬಬೇಡಿ. ಅನುಮಾನ ಇದ್ದರೆ ಒಂದು ಪಟ್ಟಿಗೆ ಬಣ್ಣ ಹಚ್ಚಿ, ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ಬೇಸಿಗೆ ಕಳೆದ ಮೇಲೆ ತೆಗೆದು ನೋಡಿದರೆ ಯಾವುದು ಉಳಿಯುತ್ತದೆ ಅಂತ ತಿಳಿಯುತ್ತದೆ. ಕಾಗದ ತೆಳುವಾದ ನೇಪಾಳಿ ಕೈಕಾಗದ ಇರಲಿ. ಚಮಚಕ್ಕೆ ಅದು ಚೆನ್ನಾಗಿ ಒಗ್ಗುತ್ತದೆ. ನ್ಯೂಸ್‌ಪ್ರಿಂಟ್ ಪ್ರೂಫಿಗೆ, ಅಂದರೆ ಪರೀಕ್ಷೆಗೆ ತೆಗೆಯುವ ಪ್ರಿಂಟಿಗೆ ಮಾತ್ರ, ಅದು ಬೇಗ ಹಳದಿಯಾಗಿ ಮುರಿಯುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆಯ ಮಧ್ಯಾಹ್ನ ಪ್ರಿಂಟ್ ತೆಗೆಯೋ ಸಾಹಸ ಬೇಡ. ಸೆಕೆಗೆ ಆಯಿಲ್ ಇಂಕು ಸಡಿಲವಾಗಿ ಸಣ್ಣ ಗೆರೆಗಳ ನಡುವೆ ತುಂಬಿಕೊಳ್ಳುತ್ತದೆ, ಮರದ ಎಳೆಯಂತೂ ಮುಚ್ಚಿಯೇ ಹೋಗುತ್ತದೆ. ಬೆಳಗ್ಗೆ ಬೇಗ ಮಾಡಿ. ಅಷ್ಟಕ್ಕೂ ಸಡಿಲ ಅನ್ನಿಸಿದರೆ ಇಂಕಿಗೆ ಚಿಟಿಕೆ ಮೆಗ್ನೀಷಿಯಂ ಕಾರ್ಬೊನೇಟ್ ಪುಡಿ ಕಲಸಿ. ಮಳೆಗಾಲದಲ್ಲಿ ಉಲ್ಟಾ ತೊಂದರೆ, ಇಂಕು ಬೇಗ ಒಣಗೋದಿಲ್ಲ. ಒಂದು ಪದರ ಒಣಗುವ ಮೊದಲು ಇನ್ನೊಂದು ಒತ್ತಿದರೆ ಎರಡೂ ಕಿತ್ತುಕೊಂಡು ಬರುತ್ತವೆ. ಬೆರಳು ಮುಟ್ಟಿದರೆ ಹತ್ತಬಾರದು, ಆಗ ಮುಂದಿನ ಪದರ.

ನಂಬರ್ ಹಾಕುವಾಗ ಒಂದು ವಿಷಯ. ನಿಮ್ಮ ಪ್ರಿಂಟುಗಳಲ್ಲಿ ನೀರಿನ ಮಟ್ಟವೂ ಬಣ್ಣವೂ ಒಂದರಿಂದ ಒಂದಕ್ಕೆ ಬದಲಾಗುತ್ತವೆ. ಆದ್ದರಿಂದ ಸಾಮಾನ್ಯ ಎಡಿಷನ್ (ಒಂದೇ ಥರದ ಪ್ರತಿಗಳ ಗುಂಪು) ಥರ ಸುಮ್ನೆ 1/20, ಅಂದರೆ ಇಪ್ಪತ್ತರಲ್ಲಿ ಮೊದಲನೆಯದು, ಅಂತ ಬರೆಯೋದು ಸರಿ ಹೋಗೋದಿಲ್ಲ. ಬದಲಾಗುವ ಎಡಿಷನ್ನಿಗೆ ನಂಬರಿನ ಜೊತೆ 'ಇ.ವಿ.' (ಎಡಿಷನ್ ವೇರಿಯಬಲ್) ಅಂತ ಬರೆಯುವ ಪದ್ಧತಿ ಇದೆ. ಪೆನ್ಸಿಲ್‌ನಲ್ಲಿ ಅದನ್ನು ಬರೆದು, ಪಕ್ಕದಲ್ಲಿ ತಿಂಗಳ ಹೆಸರು ಹಾಕಿ. ಆಷಾಢ, ಶ್ರಾವಣ, ಕಾರ್ತಿಕ, ಚೈತ್ರ, ನಿಮಗೆ ಹೇಗೆ ಬೇಕೋ ಹಾಗೆ. ಹಲಗೆಯ ಮೊದಲ ಪ್ರೂಫ್ ಬಂದಾಗ ಅದರ ಫೋಟೋ ಕಳಿಸಿ, ಇಂಕು ದಪ್ಪವಾಯಿತೋ ತೆಳುವಾಯಿತೋ ನೋಡಿ ಹೇಳುತ್ತೇನೆ.